ಕೀಲುಜ್ವರದ ವಾರ್ಡಿಗೆ ಬಂದ ಒಂದೇ ಮಗು

ಮಕ್ಕಳ ಆಸ್ಪತ್ರೆಗೆ ಆ ವರ್ಷ ಕೀಲುಜ್ವರವೆಂದು ಬಂದದ್ದು ಆ ಹುಡುಗಿ ಒಬ್ಬಳೇ. ಗಂಟಲು ನೋವು ಬಂದು ಹೋಗಿತ್ತು, ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಆಮೇಲೆ ಮಂಡಿ ಊದಿತು. ಅದು ಇಳಿಯುವಷ್ಟರಲ್ಲಿ ಮಣಿಕಟ್ಟು. ಹೃದಯದ ಡಾಕ್ಟರಮ್ಮ ಎದೆಗೆ ಸ್ಟೆತಾಸ್ಕೋಪು ಇಟ್ಟಾಗ ಬಡಿತದ ಹಿಂದೆಯೇ ಉಫ್ ಎಂದು ಊದಿದಂಥ ಸದ್ದು. ಕಿರಿಯ ಡಾಕ್ಟರುಗಳು ಒಬ್ಬರಾದ ಮೇಲೊಬ್ಬರು ಬಂದು ಕೇಳಿಸಿಕೊಂಡರು. ಪುಸ್ತಕದಲ್ಲಿ ಓದಿದ್ದರೇ ಹೊರತು ಕಿವಿಯಾರೆ ಕೇಳಿದವರಲ್ಲ.

ಹುಡುಗಿ ಮಾತ್ರ ಪೆನ್ಸಿಲಿನ್ ಸೂಜಿ ಕಂಡರೆ ಹಾಸಿಗೆ ಬಿಟ್ಟು ಇಳಿಯುತ್ತಿದ್ದಳು. ಡಾಕ್ಟರಮ್ಮ ತನ್ನ ಅಕ್ಕನಿಗೆ ಫೋನು ಮಾಡಿದಳು. "ಒಂಚೂರು ಬಂದು ಹೋಗ್ತೀಯಾ? ನನ್ನ ಮಾತಿಗೆ ಇಲ್ಲಿ ಮೂರು ಕಾಸಿನ ಬೆಲೆ ಇಲ್ಲ."

ಅಕ್ಕ ಬಂದವಳು ವಾರ್ಡಿನ ಬಾಗಿಲಲ್ಲೇ ನಿಂತುಬಿಟ್ಟಳು. ಚಿಕ್ಕವಳಿದ್ದಾಗ ಇದೇ ಜ್ವರ ಹಿಡಿದು ಅವಳು ಒಂದಿಡೀ ಚಳಿಗಾಲ ಮಲಗಿದ್ದು ಇಲ್ಲೇ. ಆಗ ಈ ಗೋಡೆಯಿಂದ ಆ ಗೋಡೆಯವರೆಗೂ ಮಂಚ, ಮಂಚದ ತುಂಬ ಕೀಲುಜ್ವರದ ಮಕ್ಕಳು. ಹೃದಯಕ್ಕೆ ದಣಿವಾದೀತೆಂದು ಎದ್ದು ಕೂರಬಾರದು, ಜೋರಾಗಿ ನಗಬಾರದು. ಕಿಟಕಿಯಾಚೆ ಅಪ್ಪನ ಹೆಗಲ ಮೇಲಿದ್ದ ತಂಗಿಯನ್ನು ಮಲಗಿದಲ್ಲಿಂದಲೇ ನಾಲಿಗೆ ಚಾಚಿ ಅಣಕಿಸುತ್ತಿದ್ದಳು. ಪಕ್ಕದ ಮಂಚದವಳು ಒಂದು ಬೆಳಿಗ್ಗೆ ಕಾಣಲಿಲ್ಲ. ಮನೆಗೆ ಹೋದಳು ಅಂದರು ನರ್ಸು. ಚಪ್ಪಲಿ ಮಂಚದ ಕೆಳಗೇ ಇತ್ತು.

"ಮಕ್ಕಳೆಲ್ಲ ಎಲ್ಲೇ?" ಅಕ್ಕ ಪಿಸುಗುಟ್ಟಿದಳು.

"ಸ್ಕೂಲಲ್ಲಿ ಕಣೇ. ಈ ಹೊತ್ನಲ್ಲಿ ಇನ್ನೆಲ್ಲಿರ್ತಾರೆ?"

"ಯಾರು ಮಾಡಿದ್ರು ಇದನ್ನ?"

ಡಾಕ್ಟರಮ್ಮ ಖಾಲಿ ಮಂಚಗಳತ್ತ ಕಣ್ಣು ಹಾಯಿಸಿದಳು. ಪೆನ್ಸಿಲಿನ್ ಅಂದರೆ ಅರ್ಧ ಉತ್ತರ. ಒಂದೇ ಕೋಣೆಯಲ್ಲಿ ಮನೆಮಂದಿಯೆಲ್ಲ ಒತ್ತೊತ್ತಾಗಿ ಮಲಗುವುದು ಕಡಿಮೆಯಾಗಿತ್ತು. ಗಂಟಲು ಕೆಂಪಾದರೆ ತಾಯಂದಿರು ಮಕ್ಕಳನ್ನು ಕರೆತರುತ್ತಿದ್ದರು. ಯಾರೂ ಡಂಗುರ ಸಾರಿರಲಿಲ್ಲ. ವರ್ಷದಿಂದ ವರ್ಷಕ್ಕೆ ಮಂಚಗಳು ತಾವಾಗಿಯೇ ಖಾಲಿಯಾಗುತ್ತ ಬಂದಿದ್ದವು. ಇಷ್ಟು ದೊಡ್ಡ ಸಂಗತಿ ತನ್ನ ಕಣ್ಣೆದುರೇ ನಡೆದಿದೆ, ತಾನು ನೋಡೇ ಇಲ್ಲವಲ್ಲ ಎಂದು ಅವಳ ಮೈ ಜುಮ್ಮೆಂದಿತು.

"ತುಂಬಾ ಜನ," ಅಂದಳು. "ಅವ್ರಿಗೇ ಗೊತ್ತಿಲ್ಲ."

ಅಕ್ಕ ಹೋಗಿ ಹುಡುಗಿಯ ಪಕ್ಕ ಕೂತು, ಅವಳ ಕಿವಿಯನ್ನು ತನ್ನೆದೆಗೆ ಆನಿಸಿಕೊಂಡಳು. ಅಲ್ಲಿ ಲೋಹದ ಕವಾಟವೊಂದು ಟಿಕ್ಕೆನ್ನುತ್ತಿತ್ತು.

"ಅಯ್ಯೋ! ಗಡಿಯಾರ ನುಂಗಿದೀರಾ ಅಜ್ಜಿ?"

"ಅಜ್ಜಿ ಅಂತೆ! ದೊಡ್ಡಮ್ಮ ಅನ್ನು. ನಂಗೂ ಇದೇ ಜ್ವರ ಬಂದಿತ್ತು ಪುಟ್ಟಿ. ಮನೆಗೆ ಹೋದ್ಮೇಲೆ ಈ ಸೂಜಿ ಸರಿಯಾಗಿ ಸಿಗ್ಲಿಲ್ಲ. ಜ್ವರ ಮತ್ತೆ ಮತ್ತೆ ಬಂತು, ಹೃದಯ ಕೆಡ್ತು. ಆಮೇಲೆ ಇದನ್ನ ಕೂರಿಸಿದ್ರು."

ಹುಡುಗಿ ಬಹಳ ಹೊತ್ತು ಕೇಳಿಸಿಕೊಂಡಳು. ಆಮೇಲೆ ಅಕ್ಕನ ಬೆರಳನ್ನು ನಜ್ಜುಗುಜ್ಜಾಗುವಂತೆ ಹಿಡಿದು, ಸೂಜಿ ಚುಚ್ಚಲೆಂದು ಮಗ್ಗುಲಾದಳು.

ಹುಡುಗಿ ಬೆಳೆದು ದೊಡ್ಡವಳಾಗುವವರೆಗೂ ಮೂರ್ನಾಲ್ಕು ವಾರಕ್ಕೊಮ್ಮೆ ಆ ಸೂಜಿ ತಪ್ಪುವಂತಿರಲಿಲ್ಲ. ಅವಳು ಬಂದಾಗಲೆಲ್ಲ ಅಕ್ಕನೂ ಬರುತ್ತಿದ್ದಳು. ಹೀಗೇ ಒಮ್ಮೆ, ಮರುವರ್ಷ, ಡಾಕ್ಟರಮ್ಮ ಹುಡುಗಿಯ ಎದೆಗೆ ಕಿವಿಗೊಟ್ಟವಳು ಸ್ಟೆತಾಸ್ಕೋಪನ್ನು ಅಕ್ಕನ ಕಿವಿಗೆ ಸಿಕ್ಕಿಸಿದಳು.

ಅಕ್ಕ ಉಸಿರು ಹಿಡಿದು ಕೇಳಿಸಿಕೊಂಡಳು. "ಏನೂ ಇಲ್ವಲ್ಲೇ. ಬರೀ ಬಡಿತ."

"ಹೂಂ. ಆ ಉಫ್ ಅನ್ನೋ ಸದ್ದು ಹೋಯ್ತು. ಬರೀ ಬಡಿತ."

"ಎಲ್ಲ ಮಕ್ಕಳಿಗೂ ಹೀಗೇ ಇರುತ್ತಾ?"

"ಈಗ ಹೆಚ್ಚುಕಮ್ಮಿ ಎಲ್ಲಾರ್ಗೂ."

ಅಕ್ಕ ಸ್ಟೆತಾಸ್ಕೋಪು ತೆಗೆಯಲಿಲ್ಲ. ಹುಡುಗಿ ಕಚಗುಳಿಯಾಗಿ ಕಿಲಕಿಲ ನಕ್ಕಳು. ಜೋರಾಗಿ ನಗಬೇಡ ಎಂದು ಯಾರೂ ಅವಳಿಗೆ ಹೇಳಲಿಲ್ಲ.