ಮೂತ್ರಕೋಶದ ಸುಳ್ಳು ಕರೆ

ಎಲ್ಲರೂ ದೊಡ್ಡಕ್ಕ ಎಂದೇ ಕರೆಯುವ ಅವಳಿಗೆ ಅರವತ್ತೇಳು. ತಮ್ಮನ ಹೆಂಡತಿಯ ಜೊತೆ ಹೊಲಿಗೆ ಅಂಗಡಿ ನಡೆಸುತ್ತಿದ್ದಳು. ಆರು ತಿಂಗಳಿಂದ ಒಂದೇ ಪೀಡೆ. ಕತ್ತರಿ ಕೈಗೆತ್ತಿಕೊಂಡರೆ ಸಾಕು, ಮೂತ್ರಕ್ಕೆ ಅವಸರ. ಓಡಿದರೆ ನಾಲ್ಕು ಹನಿ. ಕೆಲವೊಮ್ಮೆ ಬಾಗಿಲು ಮುಟ್ಟುವಷ್ಟರಲ್ಲೇ ಬಟ್ಟೆ ಒದ್ದೆ.

ಯೋಚಿಸಿ ಯೋಚಿಸಿ ಅವಳ ಅನುಮಾನ ಚಹಾದ ಲೋಟದ ಮೇಲೆ ಹೋಗಿ ಕೂತಿತು. ಚಹಾ ಮಾಡುವವಳು ತಮ್ಮನ ಹೆಂಡತಿ. ತನ್ನನ್ನು ಅಂಗಡಿಯಿಂದ ಎಬ್ಬಿಸಲು ಏನೋ ಬೆರೆಸುತ್ತಿದ್ದಾಳೆ! ಒಂದು ದಿನ ಲೋಟ ಅದಲುಬದಲು ಮಾಡಿದಳು. ಇನ್ನೊಂದು ದಿನ ಮೋರಿಗೆ ಸುರಿದಳು.

"ಯಾಕತ್ತಿಗೆ, ಚೆನ್ನಾಗಿರ್ಲಿಲ್ವಾ?"

"ಹೆಂಗಿತ್ತು ಅಂತ ಮಾಡಿದವರಿಗೇ ಗೊತ್ತು."

ಅವತ್ತಿನಿಂದ ಇಬ್ಬರ ನಡುವೆ ಹೊಲಿಗೆ ಯಂತ್ರವೊಂದೇ ಮಾತಾಡುತ್ತಿತ್ತು.

ದೊಡ್ಡಕ್ಕ ನೀರು ಕುಡಿಯುವುದನ್ನೂ ಬಿಟ್ಟಳು. ಅವಸರ ತಗ್ಗಲಿಲ್ಲ, ಉರಿ ಬೇರೆ ಶುರುವಾಯಿತು. ಒಂದು ಮಧ್ಯಾಹ್ನ ಪರದೆ ಬಟ್ಟೆ ಕತ್ತರಿಸುತ್ತಾ ಕಣ್ಣು ಕತ್ತಲಿಟ್ಟು ಕುಸಿದಳು. ತಮ್ಮನ ಹೆಂಡತಿಯೇ ತೋಳು ಹಿಡಿದು ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿ, ಸೋಂಕಿಗೆ ಔಷಧಿ ಬರೆದರು. ನರ್ಸಮ್ಮ ಅವಳೊಬ್ಬಳನ್ನೇ ಕೂರಿಸಿಕೊಂಡು ಚಹಾದ ಅನುಮಾನವನ್ನೂ ಸೇರಿಸಿ ಎಲ್ಲ ಕೇಳಿಸಿಕೊಂಡಳು. ನಗಲಿಲ್ಲ.

"ಯಾರೂ ಏನೂ ಹಾಕ್ತಿಲ್ಲಮ್ಮ. ಮೂತ್ರಕೋಶದ ಗೋಡೇಲಿ ಸಣ್ಣ ಸಣ್ಣ ಗ್ರಾಹಕಗಳಿವೆ."

"ಗ್ರಾಹಕರು ನಮ್ಮ ಅಂಗಡಿಗೆ ಬರ್ತಾರೆ, ಮೂತ್ರಕೋಶಕ್ಕಲ್ಲ!"

"ಇವು ನರಗಳ ಸುದ್ದಿ ಹಿಡಿಯೋವು. ಎಷ್ಟು ತುಂಬಿದೆ, ಯಾವಾಗ ಹಿಂಡಬೇಕು, ಎಲ್ಲ ಇವುಗಳ ಮೂಲಕವೇ. ವಯಸ್ಸಾದ ಹಾಗೆ ಬದಲಾಗ್ತವೆ. ಕೆಲವರಿಗೆ ಅರ್ಧ ತುಂಬೋ ಮೊದಲೇ ಕೂಗ್ತವೆ. ಇನ್ನು ಕೆಲವರಿಗೆ ಪೂರ್ತಿ ತುಂಬಿದ್ರೂ ತಡವಾಗಿ ಹೇಳ್ತವೆ."

"ಹಿಂಗೆ ಹೇಳಿ ಅಂತ ಅವಳೇ ಹೇಳಿಕೊಟ್ಟಳಾ?"

"ನನ್ನ ನಂಬಬೇಡಿ. ಅಳತೆ ನಿಮ್ಮ ಕಸುಬು ತಾನೆ? ನೀವೇ ಅಳೀರಿ." ನರ್ಸಮ್ಮ ಗೆರೆಗಳಿದ್ದ ಲೋಟವೊಂದನ್ನು ಕೊಟ್ಟಳು. "ಸೋಂಕು ವಾಸಿಯಾದ ಮೇಲೆ ಮೂರು ದಿನ, ಕುಡಿದದ್ದು ಎಷ್ಟು, ಹೋದದ್ದು ಎಷ್ಟು, ಬರೀರಿ."

ಆ ಮೂರು ದಿನ ದೊಡ್ಡಕ್ಕ ಹಠ ಹಿಡಿದು ಚಹಾ ಮುಟ್ಟಲಿಲ್ಲ. ನೀರನ್ನೂ ತಾನೇ ಹಿಡಿದುಕೊಂಡಳು. ಆದರೂ ಅವಸರ ಬಂತು. ಓಡಿ ಅಳೆದರೆ ಮೂತ್ರ ಮೊದಲ ಗೆರೆಯನ್ನೂ ಮುಟ್ಟಿರಲಿಲ್ಲ. ಚಹಾವೂ ಇಲ್ಲ, ಮೂತ್ರಕೋಶವೂ ತುಂಬಿಲ್ಲ. ಹಾಗಾದರೆ ಕಳ್ಳ ಹೊರಗಿನವನಲ್ಲ!

ಮತ್ತೆ ಹೋದಾಗ ನರ್ಸಮ್ಮ ಕಲಿಸಿದಳು: "ಅವಸರ ಬಂದ್ರೆ ಓಡಬೇಡಿ. ನಿಂತು, ಮೂತ್ರ ತಡೆಯೋ ಸ್ನಾಯು ನಾಲ್ಕೈದು ಸಲ ಬಿಗಿ ಹಿಡಿದು ಬಿಡಿ. ಅವಸರ ಇಳಿದ ಮೇಲೆ ನಿಧಾನಕ್ಕೆ ಹೋಗಿ. ವಾರ ವಾರ ಸ್ವಲ್ಪ ಅಂತರ ಹೆಚ್ಚಿಸಿ. ಚಹಾ ಕಮ್ಮಿ ಮಾಡಿ, ನೀರು ಮಾತ್ರ ಬಿಡಬೇಡಿ."

ಎರಡು ತಿಂಗಳಿಗೆ ದೊಡ್ಡಕ್ಕ ಒಂದು ಇಡೀ ಪರದೆಯನ್ನು ಎದ್ದೇಳದೆ ಕತ್ತರಿಸಿದಳು. ಕತ್ತರಿ ಕೆಳಗಿಟ್ಟು ತಮ್ಮನ ಹೆಂಡತಿಯ ಮುಂದೆ ಕೂತಳು.

"ನೀನು ಏನೋ ಬೆರೆಸ್ತಿದ್ದೀಯ ಅಂದ್ಕೊಂಡಿದ್ದೆ. ತಪ್ಪಾಯ್ತು ಕಣೆ."

"ಗೊತ್ತಿತ್ತು. ತುಂಬಾ ನೋವಾಗಿತ್ತು." ಅವಳು ತಲೆ ತಗ್ಗಿಸಿ ಹೇಳಿದಳು: "ಅತ್ತಿಗೆ, ನಂಗೂ ಒಂದು ವರ್ಷದಿಂದ ಹಿಂಗೇ ಆಗ್ತಿದೆ. ಹೇಳೋಕೆ ನಾಚಿಕೆ."

"ನಾಚಿಕೆ ಎಂಥದ್ದು? ಏಳು, ನರ್ಸಮ್ಮನ ಹತ್ರ ಹೋಗೋಣ!"

ನಿಮಗೂ ಹೀಗಾಗುತ್ತಿದೆಯೇ? ಯಾರನ್ನೂ ದೂರಬೇಡಿ, ನೀರು ಬಿಡಬೇಡಿ, ವಯಸ್ಸಾಯಿತೆಂದು ಬಾಯಿ ಮುಚ್ಚಿ ಕೂರಬೇಡಿ. ಉರಿ, ರಕ್ತ ಕಂಡರೆ, ಮೂತ್ರ ಕಟ್ಟಿದರೆ ಅಂದೇ ಡಾಕ್ಟರ ಬಳಿ ಹೋಗಿ. ಉಳಿದವರು ಈ ವಾರದಲ್ಲೇ ಒಮ್ಮೆ ಹೋಗಿ ಬಾಯಿಬಿಟ್ಟು ಹೇಳಿ. ಡಾಕ್ಟರು, ನರ್ಸುಗಳು ಇದನ್ನು ದಿನಾ ಕೇಳುತ್ತಾರೆ.