ಆರು ಕೇಸರದ ಸುಳ್ಳು

ಬೆಳಗಾವಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಜುಲೇಖಾ ಮೂರು ವರ್ಷ ಖಾನಾಪುರದ ಕಾಡು ಸುತ್ತಿ ಜರಿಗಿಡಗಳ ಬಗ್ಗೆ ಲೇಖನ ಬರೆದಿದ್ದಳು. 1976ರಲ್ಲಿ ಅದು ಊರಿನ ಸಸ್ಯಶಾಸ್ತ್ರ ಪತ್ರಿಕೆಯಲ್ಲಿ ವಿಭಾಗದ ಮುಖ್ಯಸ್ಥ ನಾಗಲಿಂಗನ ಹೆಸರಿನಲ್ಲಿ ಅಚ್ಚಾಯಿತು. ಕೇಳಲು ಹೋದರೆ ಅವನು ನಕ್ಕುಬಿಟ್ಟ.

"ನಿನ್ನ ಹೆಸರ ಯಾರಿಗೆ ಗೊತ್ತೈತಿ? ನನ್ನ ಹೆಸರ ಇತ್ತಂತ ಛಾಪಾತು."

ಜುಲೇಖಾ ಅಳಲಿಲ್ಲ. ಎರಡು ವರ್ಷ ಕಾದಳು.

1978ರ ಮಳೆಗಾಲದಲ್ಲಿ ಖಾನಾಪುರದ ಆಚೆಯ ಬಂಡೆಗಲ್ಲಿನ ಬಯಲಲ್ಲಿ, ಯಾವ ಪುಸ್ತಕದಲ್ಲೂ ಇಲ್ಲದ ನೀಲಿ ಹೂವಿನ ಪುಟ್ಟ ಗಿಡವೊಂದು ಅವಳಿಗೆ ಸಿಕ್ಕಿತು. ಹೂವಿಗೆ ಮೂರೇ ಕೇಸರ. ನಿಜವಾದ ವಿವರ ಬರೆದ ವಹಿಯನ್ನು ಮನೆಯ ಟ್ರಂಕಿನಲ್ಲಿಟ್ಟಳು. ಕಾಲೇಜಿನ ವಹಿಯಲ್ಲಿ 'ಕೇಸರ ಆರು' ಎಂದು ಬರೆದು, ಒಣಗಿಸಿದ ಗಿಡದೊಂದಿಗೆ ನಾಗಲಿಂಗನ ಕಣ್ಣಿಗೆ ಬೀಳುವಂತೆ ಮೇಜಿನ ಮೇಲೆ ಬಿಟ್ಟುಬಂದಳು. ಆ ತಪ್ಪು ಅಚ್ಚಾದರೆ ಗಿಡಗಳನ್ನು ಬಲ್ಲವರೆಲ್ಲ ನಾಗಲಿಂಗನನ್ನು ನೋಡಿ ನಗುವುದು ಖಂಡಿತವಾಗಿತ್ತು. ವಾರದೊಳಗೆ ವಹಿ, ಗಿಡ ಎರಡೂ ಮಾಯವಾದವು. ಅಂದಿನಿಂದ ಪತ್ರಿಕೆಯ ಹೊಸ ಸಂಚಿಕೆಗಾಗಿ ಅವಳು ಹಬ್ಬದಂತೆ ಕಾದಳು.

ಆ ಲೇಖನವಿರುವ ಸಂಚಿಕೆ ಬರಲಿಲ್ಲ. ಮರುವರ್ಷದ ಶ್ರಾವಣದಲ್ಲಿ ದರ್ಬಾರ ಗಲ್ಲಿಯ ಅವಳ ಮನೆಗೆ ಸಂಪಾದಕ ನೇಮಣ್ಣನವರೇ ಬಂದರು. ಕೋಟೆಯ ತಮ್ಮ ಮನೆಯಿಂದಲೇ ಆ ಪತ್ರಿಕೆ ನಡೆಸುತ್ತಿದ್ದ ಮುದುಕರು. ಧೋತರ ಮೊಣಕಾಲಿನವರೆಗೆ ಕೆಸರಾಗಿತ್ತು.

"ಖಾನಾಪುರದಿಂದ ಬಂದೆ. ಕೇಸರ ಮೂರ ಅದಾವ, ಬಾಯಾರ. ನಾಗಲಿಂಗ ಕಳಸಿದ ಲೇಖನದಾಗ ಆರು ಅಂತ ಐತಿ. ದನಾ ಕಾಯೂ ಕಾಡವ್ವನ್ನ ಕೇಳಿದೆ. ಹೂವ ನೋಡಾಕ ಒಬ್ರು ಬಾಯಾರು ಬರ್ತಾರ, ಸಾಹೇಬರ್ನ ನಾ ಕಂಡಿಲ್ಲ ಅಂದ್ಲು. ನಾಗಲಿಂಗನ ವಿಭಾಗದಾಗ ಹೆಣ್ಣಮಗಳು ಅಂದ್ರ ನೀವೊಬ್ಬರ."

"ಹಂಗ ಛಾಪಸ್ರಿ ಸರ್. ಮಂದಿ ಅವನ ಮಾರಿಗೆ ಉಗಳಲಿ!"

"ಉಗಳತಾರ, ಖರೇ. ಆದ್ರ ಮುಂದ ಈ ಗಿಡಾ ಹುಡುಕಾವ್ರು ಆರು ಕೇಸರ ಹುಡುಕ್ಕೋತ ತಿರಗತಾರ. ಅವರೇನ್ ಮಾಡ್ಯಾರ ನಿಮಗ?"

"ನನ್ನ ಜರಿಗಿಡದ ಲೇಖನ ಛಾಪಿಸಿದಾಗ ನೀವೆಲ್ಲಿದ್ರಿ?" ಅವಳು ಕೂಗಿದಳು.

ನೇಮಣ್ಣ ತಲೆ ತಗ್ಗಿಸಿದರು. "ಅದೂ ನನ್ನ ಪತ್ರಿಕೆನ. ವಿಚಾರಸಬೇಕಿತ್ತು, ವಿಚಾರಸಲಿಲ್ಲ. ಅದಕ್ಕ ಈ ಸಲ ನಾನ ಹೋಗಿ ನೋಡಿ ಬಂದೇನಿ."

ಜುಲೇಖಾ ಎದ್ದು ಟ್ರಂಕು ತೆರೆದು ನಿಜವಾದ ವಹಿಯನ್ನೂ ಜರಿಗಿಡಗಳ ಹಳೆಯ ವಹಿಗಳನ್ನೂ ಅವರ ಮುಂದಿಟ್ಟಳು.

ನಾಗಲಿಂಗನ ಲೇಖನ 'ಈ ಹೂವನ್ನು ತಾವು ನೋಡಿಲ್ಲ' ಎಂಬ ಒಂದೇ ಸಾಲಿನೊಂದಿಗೆ ವಾಪಸಾಯಿತು. ಆ ನೀಲಿ ಹೂವಿನ ಬಗ್ಗೆ ಅವಳು ಬರೆದ ಲೇಖನವೇನೂ ಸುಲಭಕ್ಕೆ ಪಾರಾಗಲಿಲ್ಲ. ನೇಮಣ್ಣ ಅದನ್ನು ನಾಲ್ಕು ಸಲ ತಿರುಗಿ ಕಳಿಸಿದರು. ಬೀಜದ ಚಿತ್ರವೆಲ್ಲಿ, ಎಲೆಯ ಅಡಿಯ ರೋಮ ಎಷ್ಟುದ್ದ ಎಂದು ಕೇಳಿದರು. ಬೈಯುತ್ತಲೇ ಅವಳು ಪ್ರತಿ ಸಲ ಖಾನಾಪುರದ ಬಸ್ಸು ಹತ್ತಿದಳು. ಪ್ರತಿ ಸಲ ಲೇಖನ ಗಟ್ಟಿಯಾಯಿತು.

1980ರಲ್ಲಿ ಅದು ಅವಳ ಹೆಸರಿನಲ್ಲೇ ಅಚ್ಚಾಯಿತು. ಜರಿಗಿಡಗಳ ಲೇಖನವೂ ಜುಲೇಖಾರದೇ, ವಿಚಾರಿಸದೆ ಪ್ರಕಟಿಸಿದ ತಪ್ಪು ತಮ್ಮದು ಎಂದು ಅದೇ ಸಂಚಿಕೆಯಲ್ಲಿ ನೇಮಣ್ಣ ಬರೆದಿದ್ದರು.

ಅವಳು ಸಂಚಿಕೆ ಹಿಡಿದು ನೇರ ಸ್ಟಾಫ್ ರೂಮಿಗೆ ಹೋದಳು. ಎಲ್ಲರೂ ಚಹಾ ಕುಡಿಯುತ್ತಿದ್ದರು. ನಾಗಲಿಂಗನ ಎದುರು ನಿಂತು ಆ ಸಾಲುಗಳನ್ನು ಗಟ್ಟಿಯಾಗಿ ಓದಿದಳು. ಅವನು ಎದ್ದು ಹೊರಟ.

"ಕುಂದರ್ರಿ ಸರ್," ಎಂದಳು. "ಇನ್ನಾ ಮುಗದಿಲ್ಲ."

ಅವನು ಕುಳಿತ. ಅವಳು ಮತ್ತೆ ಮೊದಲಿನಿಂದ ಓದಿದಳು.