ನಳಿಗೆ ಬದಲಿಸಿದ ಕೈ

"ಲೇ ಕಕ್ಕಸು, ಒತ್ತೋ ಹೆಬ್ಬೆಟ್ಟು! ಕೈಗೇನು ಲಕ್ವ ಹೊಡೆದಿದ್ಯಾ?"

ಪಟಾಲಮ್ಮಿನಲ್ಲಿ ನನ್ನ ಹೆಸರೇ ಅದು. ಸಿಪಾಯಿಗಳ ಕಕ್ಕಸುಗುಂಡಿ ತೋಡುವುದು, ತುಂಬಿದ್ದನ್ನು ಮುಚ್ಚುವುದು ನನ್ನ ಕೆಲಸ. ಗದರಿದ ಮೇಜರ್ ಸಾಹೇಬರ ಮೇಜಿನ ಮೇಲೆ ಒಂದು ಹಾಳೆ, ಶಾಯಿಯ ಪ್ಯಾಡು. ಪಕ್ಕದ ಕುರ್ಚಿಯಲ್ಲಿ ಲೆಫ್ಟಿನೆಂಟು ಉಗುರು ನೋಡಿಕೊಳ್ಳುತ್ತಿದ್ದ.

"ಏನ್ ಬರ್ದಿದೀರಿ, ಓದಿ ಸಾಹೇಬ್ರೇ."

ಓದಿದರು. ಗುಡ್ಡದ ಮೇಲೆ ಮೆಷಿನ್‌ಗನ್ನಿನವನು ಹೆದರಿ ಓಡುವಾಗ ಸತ್ತ. ಲೆಫ್ಟಿನೆಂಟ್ ಒಬ್ಬರೇ ಗನ್ ಹಿಡಿದು ನಲವತ್ತು ಜನರ ಪ್ರಾಣ ಉಳಿಸಿದರು. ಇದನ್ನು ನಾನು ಕಣ್ಣಾರೆ ಕಂಡೆ ಎಂದು ನನ್ನ ಹೆಸರಲ್ಲಿ ಬರೆದಿತ್ತು. ಲೆಫ್ಟಿನೆಂಟಿನ ಪದಕಕ್ಕೆ ಬೇಕಾದ ಸಾಕ್ಷಿ, ಗನ್ನಿನ ಹತ್ತಿರವಿದ್ದು ಬದುಕುಳಿದ ನಾನೊಬ್ಬನೇ.

ಮೈಯೆಲ್ಲ ಉರಿದುಹೋಯಿತು. ಓಡಿದವನು ಈ ಲೆಫ್ಟಿನೆಂಟು. ನಡುಮಧ್ಯಾಹ್ನ ಮೊದಲ ಗುಂಡು ಹಾರುತ್ತಲೇ ನನ್ನ ಗುಂಡಿಗೆ ಬಂದು ಬಿದ್ದ, ಅದೂ ಹೊಸದಕ್ಕಲ್ಲ, ತುಂಬಿದ್ದಕ್ಕೆ. ಗನ್ನಿನವನು, ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದ ನಮ್ಮ ಸಿಪಾಯಿ. ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವನು ಅಷ್ಟು ಜನರಲ್ಲಿ ಅವನೊಬ್ಬನೇ. ಎದೆಗೆ ಗುಂಡು ಬಿದ್ದು ಗನ್ನಿನ ಮೇಲೇ ಒರಗಿದ. "ಬಿಡ್ಬೇಡ ಕಣೋ" ಎಂದ, ಅಷ್ಟೇ. ಸಲಿಕೆ ಬಿಸಾಡಿ ನಾನು ಹಿಡಿದೆ. ಗುಂಡು ಹಾರಿ ಹಾರಿ ಗನ್ನಿನ ನಳಿಗೆ ಕಾದು ಕೆಂಪಾದರೆ ಬದಲಿಸಬೇಕೆಂದು ಅವನನ್ನು ನೋಡಿಯೇ ಕಲಿತಿದ್ದೆ. ಕೈಗವಸು ಅವನ ಮೈಯಡಿ ಎಲ್ಲೋ ಸಿಕ್ಕಿಕೊಂಡಿತ್ತು. ಬರಿಗೈಯಲ್ಲೇ ಬದಲಿಸಿದೆ, ಮೂರು ಸಲ. ಸುಟ್ಟ ಚರ್ಮದ ವಾಸನೆ ನನ್ನದೇ ಎಂದು ಗೊತ್ತಾದದ್ದು ನಮ್ಮ ನಲವತ್ತೂ ಸಿಪಾಯಿಗಳು ಪಾರಾಗಿ ಗುಡ್ಡ ಇಳಿದ ಮೇಲೆ.

ಮೇಜರೇ ನನ್ನ ಕೈಯ ಪಟ್ಟಿ ಬಿಚ್ಚಿ ಹೆಬ್ಬೆಟ್ಟನ್ನು ಶಾಯಿಗೊತ್ತಿ ಹಾಳೆಗೆ ಅದುಮಿದರು. ಜೀವ ಹೋದಂತಾಯಿತು. ಹಾಳೆಯಲ್ಲಿ ಗೆರೆಯೇ ಇಲ್ಲದ ಕರಿ ಮುದ್ದೆ.

"ಥೂ, ಇನ್ನೊಂದು ಕೈ ಕೊಡೋ ಬೋಳಿಮಗನೇ."

"ಅದೂ ಅಷ್ಟೇ. ನನ್ ಗೆರೆ ಬೇಕಾದ್ರೆ ನಳಿಗೆ ಮೇಲಿಂದ ಕೆರ್ಕೊಳ್ಳಿ. ಇವ್ರ ಅಂಗೈ ಒಂದ್ಸಲ ತೋರ್ಸೋಕೆ ಹೇಳಿ."

ಲೆಫ್ಟಿನೆಂಟು ಕೈಗಳನ್ನು ಜೇಬಿಗಿಳಿಸಿದ.

"ಬಾಯ್ಮುಚ್ಚು! ಕಕ್ಕಸು ಬಳಿಯೋನು ಸರ್ಕಾರದ ಗನ್ ಮುಟ್ಟೋದು ಅಪರಾಧ. ಕೋರ್ಟಿಗೆ ಎಳೆದ್ರೆ ಏಳು ವರ್ಷ ಕಂಬಿ ಎಣಿಸ್ತೀಯ."

"ಎಳೀರಿ."

"ಏನಂದೆ?"

"ಎಳೀರಿ ಅಂದೆ. ಗನ್ ಹಿಡ್ದೋನು ಯಾರು, ಯಾಕೆ ಹಿಡ್ದ ಅಂತ ಅಲ್ಲಿ ಬರೀಲೇಬೇಕಲ್ಲ. ನಮ್ ಮೀಸೆ ಓಡ್ಲಿಲ್ಲ ಸಾಹೇಬ್ರೇ."

ಸಲ್ಯೂಟ್ ಹೊಡೆಯದೆ ಹೊರಬಿದ್ದೆ. ಮೈದಾನ ದಾಟಿ ಕಾವಲು ಕೋಣೆಯ ಮುಂದೆ ನಿಂತೆ. ಪಹರೆಯವನು ರಿಜಿಸ್ಟರಿನಿಂದ ತಲೆಯೆತ್ತಿದ. ಅವನೂ ಆ ನಲವತ್ತರಲ್ಲೊಬ್ಬ. ಎರಡೂ ಕೈ ಚಾಚಿದೆ.

"ಕೋಳ ಹಾಕು. ಗನ್ ಮುಟ್ಟಿದೋನು ನಾನು. ಬರ್ಕೋ."